ಬಾಸಿಂಗ ಮಾಡಿದ ಕೈ

ಸತ್ತವರನ್ನು ಆಡಿಕೊಳ್ಳಬಾರದಂತೆ. ನನ್ನ ಭಾವನನ್ನು, ಅಂದರೆ ಗಂಡನ ಅಣ್ಣನನ್ನು, ಬದುಕಿದ್ದಾಗಲೂ ಆಡಿಕೊಂಡಿದ್ದೇನೆ, ಈಗ ಯಾಕೆ ಬಿಡಲಿ?

ಸಾಗರದ ಪೇಟೆಯಲ್ಲಿ ಅವರದು ಬಾಸಿಂಗದ ಅಂಗಡಿ. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುವ ಬೆಂಡಿನ ಬಾಸಿಂಗ. ನನ್ನ ಗಂಡ ತೀರಿಕೊಂಡ ಮೇಲೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅದನ್ನು ಮಾಡುತ್ತಿದ್ದವಳು ನಾನು. ಕೆರೆಯಿಂದ ತಂದು ಒಣಗಿಸಿದ ಬೆಂಡಿನ ಹಗುರ ದಂಟನ್ನು ಕತ್ತಿಯಲ್ಲಿ ಕಾಗದದಷ್ಟು ತೆಳ್ಳಗೆ ಸುಲಿಯಬೇಕು, ಹರಿಯಬಾರದು. ಭಾವನಿಗೆ ಅದು ಬರುತ್ತಿರಲಿಲ್ಲ. ಮೇಲೆ ಹೊಳೆಯುವ ಬೇಗಡೆ ಹಾಳೆ ಅಂಟಿಸುವುದಷ್ಟೇ ಬರುತ್ತಿತ್ತು. ಆದರೂ ಗಿರಾಕಿಗಳ ಮುಂದೆ ಎಲ್ಲವೂ ಅವರ ಕೈಗೆಲಸವೇ.

"ಗಂಡ ಸತ್ತವಳು ಮುಟ್ಟಿದ್ದು ಅಂತ ಗೊತ್ತಾದ್ರೆ ಯಾರು ತಗೊಳ್ತಾರೆ? ಹೊರಗೆ ಮುಖ ತೋರಿಸ್ಬೇಡ" ಅಂದಿದ್ದರು. ಮುಟ್ಟಬಹುದು, ಕಾಣಿಸಿಕೊಳ್ಳಬಾರದು! ಆಹಾ, ಎಂಥ ಶಾಸ್ತ್ರ! ನಾಲ್ಕು ವರ್ಷ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗುವ ಊರಿನವರು ನೀರು ಬರುವ ಮೊದಲು ಹಳೇ ಮನೆಯ ಅಂಗಳದಲ್ಲೇ ಮಕ್ಕಳ ಮದುವೆ ಮುಗಿಸಲು ಹೊರಟಿದ್ದರು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಬೆಳಿಗ್ಗೆ ಆ ಕಡೆಯ ಒಬ್ಬ ಹೆಂಗಸು ಎರಡನೇ ಮಗಳ ಬಾಸಿಂಗಕ್ಕೆ ಬಂದಳು. "ದೊಡ್ಡವಳಿಗೂ ಇಲ್ಲಿಂದ್ಲೇ ತಗೊಂಡು ಹೋಗಿದ್ದು. ಈಗ ಮಗು ಎತ್ಕೊಂಡು ಓಡಾಡ್ತಾಳೆ. ನಿಮ್ಮ ಕೈಗುಣ ಒಳ್ಳೇದು" ಅಂದಳು. ಭಾವ ಮೀಸೆ ತಿರುವಿ, "ದೇವ್ರು ಕೊಟ್ಟ ಕೈ, ಅಮ್ಮ" ಅಂದರು.

ನನ್ನ ಮೈ ಉರಿದುಹೋಯಿತು. ಅರ್ಧ ಮಾಡಿದ ಬಾಸಿಂಗ ಹಿಡಿದುಕೊಂಡೇ ಹೊರಗೆ ಬಂದೆ. ಅಷ್ಟು ಜನರ ಮುಂದೆ ಬೋಳು ಹಣೆಯಲ್ಲಿ ನಿಂತು, "ಕೈ ನಂದು. ಮಾಡಿದ್ದೆಲ್ಲ ನಾನು. ಯಾರ ಮನೆ ಹಾಳಾಗಿದೆ, ಹೇಳಿ!" ಅಂದೆ. ಕೆಲವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೋದರು. ಆ ಹೆಂಗಸು ಮಾತ್ರ ನನ್ನ ಕಡೆ ತಿರುಗಿ, "ಹಂಗಾದ್ರೆ ಅಳತೆ ನಿಂಗೇ ಹೇಳ್ತೀನಿ" ಅಂದಳು.

ಅವತ್ತೇ ಭಾವ ನನ್ನನ್ನು ಹೊರಗೆ ಹಾಕಿದರು. ತಾಳಗುಪ್ಪದ ರಸ್ತೆಯಲ್ಲಿ ಒಂದು ಕೋಣೆ ಹಿಡಿದೆ. ಒಳಗಲ್ಲ, ದಾರಿಹೋಕರಿಗೆಲ್ಲ ಕಾಣುವಂತೆ ಜಗಲಿಯ ಮೇಲೆ ಕೂತು ಬೆಂಡು ಸುಲಿದೆ. ಆ ಹೆಂಗಸೇ ತನ್ನೂರಿನವರನ್ನು ಕರೆತಂದಳು. "ಊರೇ ನೀರಿಗೆ ಹೋಗ್ತಾ ಇದೆ, ನಿನ್ನ ಕೈಯಿಂದ ಇನ್ನು ಎಂತ ಹೋಗೋದು?" ಎಂದು ಅವರು ನಗುತ್ತಿದ್ದರು. ಅಳುತ್ತಿದ್ದವರೂ ಇದ್ದರು, ಅವರ ಜೊತೆ ಕೂತು ನಾನೂ ಅತ್ತಿದ್ದೇನೆ. ತಲೆಯೆತ್ತಿ ಮಾತಾಡುವುದನ್ನು ನಾನು ಕಲಿತದ್ದು ಆ ಜಗಲಿಯಲ್ಲಿ.

ಮರುವರ್ಷ ಭಾವನ ಮಗಳಿಗೆ ತೀರ್ಥಹಳ್ಳಿಯ ಗಂಡು ಗೊತ್ತಾಯಿತು. ಬಾಸಿಂಗ ತಾವೇ ಮಾಡುವುದಾಗಿ ಭಾವ ಬೀಗರ ಮುಂದೆ ಜಂಬ ಕೊಚ್ಚಿಕೊಂಡಿದ್ದರಂತೆ. ಸುಲಿಯಲು ಹೋಗಿ ಇದ್ದ ಬೆಂಡೆಲ್ಲ ಚೂರಾದ ಮೇಲೆ ನನ್ನ ಜಗಲಿಗೆ ಬಂದು, "ಗುಟ್ಟಾಗಿ ಮಾಡ್ಕೊಡು. ಮನೆ ಮರ್ಯಾದೆ" ಅಂದರು.

"ಮಾಡ್ತೀನಿ ಭಾವ. ನಾನೇ ತರ್ತೀನಿ. ಮಾಡಿದ್ದು ಯಾರು ಅಂತ ಬೀಗರ ಎದುರು ನೀವೇ ಹೇಳ್ಬೇಕು."

ಬಾಯಿಗೆ ಬಂದಂತೆ ಬೈದು ಎದ್ದುಹೋದರು. ಮುಹೂರ್ತಕ್ಕೆ ಎರಡು ದಿನ ಇರುವಾಗ ತಿರುಗಿ ಬಂದು ಒಪ್ಪಿಕೊಂಡರು. ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅಷ್ಟು ಚೆಂದದ ಬಾಸಿಂಗ ನಾನು ಬೇರೆ ಯಾರಿಗೂ ಮಾಡಿಲ್ಲ.

ಚಪ್ಪರದಲ್ಲಿ ಭಾವ ನೆಲ ನೋಡಿಕೊಂಡು, "ಇದು ನನ್ನ ತಮ್ಮನ ಹೆಂಡ್ತಿ ಮಾಡಿದ್ದು" ಅಂದರು.

"ಕೇಳ್ಲಿಲ್ಲ ಭಾವ. ಗಟ್ಟಿಯಾಗಿ ಹೇಳಿ."

ಇನ್ನೊಮ್ಮೆ ಹೇಳಿದರು. ಬೀಗಿತ್ತಿ, ಮುಹೂರ್ತ ಮೀರುತ್ತದೆಂದೋ ಏನೋ, ಕೈ ಚಾಚಿ ಬಾಸಿಂಗ ತೆಗೆದುಕೊಂಡಳು.

ಊಟಕ್ಕೆ ನಾನು ಮೊದಲ ಪಂಕ್ತಿಯಲ್ಲೇ, ಮುತ್ತೈದೆಯರ ನಡುವೆ ಕೂತೆ. ತುಪ್ಪ ಬಡಿಸುತ್ತಾ ಬಂದ ಭಾವ ನನ್ನ ಎಲೆಯ ಮುಂದೆ ನಿಂತುಬಿಟ್ಟರು. ನಾನು ಅವರ ಮುಖವನ್ನೇ ಕಣ್ತುಂಬ ನೋಡುತ್ತಾ, "ಹಾಕಿ ಭಾವ" ಅಂದೆ. ಹಾಕಿದರು. "ಇನ್ನೂ ಹಾಕಿ" ಅಂದೆ.