ಆರನೇ ವಿಲ್ಲಾದ ಬಾಗಿಲ ದೀಪ

ಓದುವ ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸನ್ನು ಮೂವತ್ತೆಂಟನೇ ವಯಸ್ಸಿನಲ್ಲಿ ಪಾಸಾದವನು ನಾನು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಸ್ಟೋರ್ ರೂಮಿನಲ್ಲಿ ಪೈಪ್ ಹುಡುಕುವಾಗ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ತೆರೆದರೆ ಹಳೆಯ ಗೋಡೆ ದೀಪ. ಗಾಜಿನೊಳಗೆ ಒಣಗಿದ ಹಾತೆ, ಕಾದು ಕಾದು ಸುಟ್ಟ ಧೂಳಿನ ವಾಸನೆ. ಡಬ್ಬಿಯ ಮೇಲೆ ನನ್ನದೇ ಅಕ್ಷರ: ‘ಆರನೇ ವಿಲ್ಲಾ, ಬಾಗಿಲು’. ಪೈಪ್ ಮರೆತು ಅಲ್ಲೇ ಕೂತುಬಿಟ್ಟೆ.

ಅಬುಧಾಬಿಯ ಖಾಲಿದಿಯಾದಲ್ಲಿ ಒಂದು ವಿಲ್ಲಾ ಕಾಂಪೌಂಡಿನ ಎಲೆಕ್ಟ್ರಿಶಿಯನ್ ನಾನು, ಊರು ವಿಟ್ಲ. ಆರನೇ ವಿಲ್ಲಾದಲ್ಲಿ ಆಗ ಲೀನಾ ಟೀಚರ್ ಮಗಳ ಜೊತೆ ಇದ್ದರು. ಮಂಗಳೂರಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು. ನನ್ನನ್ನು ಪರೀಕ್ಷೆಗೆ ಕೂರಿಸಿದವರೂ ಅವರೇ. ಫ್ಯಾನ್ ರಿಪೇರಿಗೆ ಹೋದರೆ ಒಂದು ಪುಟ ಬರೆಸದೆ ಬಿಡುತ್ತಿರಲಿಲ್ಲ. “ಫ್ಯಾನ್ ನೀನು ಸರಿ ಮಾಡ್ತಿ, ನಿನ್ನ ಮಹಾಪ್ರಾಣ ಯಾರು ಸರಿ ಮಾಡುದು ಮಾರಾಯಾ?” ಎನ್ನುತ್ತಿದ್ದರು.

ಅಕ್ಟೋಬರ್ ಕೊನೆಗೆ ಇಲ್ಲಿ ಹ್ಯಾಲೋವೀನ್. ಸಂಜೆ ಮಕ್ಕಳು ಭೂತ ಪ್ರೇತದ ವೇಷ ಹಾಕಿ ಮನೆ ಮನೆಗೆ ಬಂದು ಮಿಠಾಯಿ ಕೇಳುತ್ತಾರೆ. ಕೆಲವು ಮಕ್ಕಳಿಗೆ ನೆಲಗಡಲೆ ಆಗುವುದಿಲ್ಲವೆಂದು ಟೀಚರ್ ಎಳ್ಳಿನ ಚಿಕ್ಕಿ ಮಾಡಿ, ಬಣ್ಣದ ಕಾಗದದಲ್ಲಿ ಸುತ್ತಿ, ಮಧ್ಯಾಹ್ನದಿಂದಲೇ ಕಾಯುತ್ತಿದ್ದರು. ಒಂದು ವರ್ಷ ಉದ್ದ ನಿಲುವಂಗಿಯ ಒಬ್ಬಳು ಹುಡುಗಿ ಅವರ ಎರಡನೇ ಮೆಟ್ಟಿಲಲ್ಲಿ ಎಡವಿ ಗಲ್ಲ ಒಡೆದುಕೊಂಡಳು. ಟೀಚರಿಗೆ ಅದು ಮನಸ್ಸಿನಿಂದ ಹೋಗಲೇ ಇಲ್ಲ. ಮುಂದಿನ ವರ್ಷ ಹದಿನೈದು ದಿನ ಮೊದಲೇ ನನ್ನನ್ನು ಕರೆದರು. “ಈ ಸಲ ಒಂದು ಮಗು ಸಹ ಬೀಳ್ಬಾರ್ದು. ಗೊತ್ತಾಯ್ತಾ?”

ಮುಖವಾಡದೊಳಗಿಂದ ಹೇಗೆ ಕಾಣುತ್ತದೆ ಎಂದು ಒಂದು ರಾತ್ರಿ ನಾನು ಸಿಮೆಂಟಿನ ಖಾಲಿ ಚೀಲಕ್ಕೆ ಎರಡು ತೂತು ಮಾಡಿ, ತಲೆಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ನೋಡಿದೆ. “ಅರೇ ಭಾಯಿ, ಆಪ್ ಭೀ ಭೂತ್?” ಎಂದು ವಾಚ್‌ಮನ್ ನಕ್ಕ. ನಗಲಿ, ಆದರೆ ಕಾರಣ ಸಿಕ್ಕಿತು: ಬಾಗಿಲ ಮೇಲಿನ ದೀಪ ನೇರ ಕಣ್ಣಿಗೆ ಹೊಡೆದು ಮೆಟ್ಟಿಲೇ ಕಾಣುತ್ತಿರಲಿಲ್ಲ. ಆ ದೀಪ ಕಳಚಿದೆ. ಎಲೆಕ್ಟ್ರಾ ಸ್ಟ್ರೀಟಿನ ಅಂಗಡಿಯಿಂದ ಚಿಕ್ಕ ದೀಪಗಳನ್ನು ತಂದು, ಒಂದೊಂದು ಮೆಟ್ಟಿಲಿಗೆ ಎರಡರಂತೆ, ಬೆಳಕು ಪಾದಕ್ಕೆ ಮಾತ್ರ ಬೀಳುವ ಹಾಗೆ ಕೂರಿಸಿದೆ. ನನ್ನ ಕೆಲಸಕ್ಕೆ ನಾನೇ ಮರುಳಾದೆ.

ಹ್ಯಾಲೋವೀನ್ ಸಂಜೆ ಒಂದು ಮಗುವೂ ಬೀಳಲಿಲ್ಲ.

ಮರುದಿನ ಟೀಚರ್ ತುಂಬಿದ ಬುಟ್ಟಿಯನ್ನು ಹಾಗೆಯೇ ನನ್ನ ಕೈಗೆ ಕೊಟ್ಟರು. “ಯಾರೂ ಬರ್ಲಿಲ್ಲ. ಆ ಹುಡುಗಿ ಬಿತ್ತಲ್ಲ, ಇವರ ಮನೆಗೆ ಹೋಗ್ಬೇಡಿ ಅಂತ ತಾಯಂದಿರು ಹೇಳಿರ್ಬೇಕು. ಪಾಪ, ಅವರದ್ದು ತಪ್ಪಿಲ್ಲ. ನಿನ್ನ ಲೈಟ್ ಮಾತ್ರ ಭಾರೀ ಚಂದ ಆಗಿತ್ತು ಆಯ್ತಾ.”

ಬುಟ್ಟಿ ಹಿಡಿದು ಬರುವಾಗ ಅದೇ ಹುಡುಗಿ ಸೈಕಲ್ ಹೊಡೆಯುತ್ತಿದ್ದಳು. ಗಲ್ಲದಲ್ಲಿ ಸಣ್ಣ ಕಲೆ. ಮಂಗಳೂರು ಕಡೆಯ ಮಗು. “ನಿನ್ನೆ ಟೀಚರ್ ಮನೆಗೆ ಯಾಕೆ ಹೋಗ್ಲಿಲ್ಲ?” ಎಂದೆ.

“ಐ ವಾಂಟೆಡ್ ಟು ಗೋ ಅಂಕಲ್! ಬಟ್ ಡೋರ್ ಲೈಟ್ ವಾಸ್ ಆಫ್. ದ್ಯಾಟ್ ಮೀನ್ಸ್ ಡೋಂಟ್ ಕಮ್. ಎವ್ರಿಬಡಿ ನೋಸ್.”

ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಹುಲಿವೇಷದವರು ದೀಪ ನೋಡಿ ಬರುವವರಲ್ಲ. ತಾಸೆ ಬಡಿದುಕೊಂಡು ಸೀದಾ ಅಂಗಳಕ್ಕೆ ನುಗ್ಗುತ್ತಾರೆ. ಬಾಗಿಲಲ್ಲಿ ದೀಪವಿದ್ದರೆ ಬನ್ನಿ, ಇಲ್ಲದಿದ್ದರೆ ಬೇಡ ಎಂಬ ಲೆಕ್ಕ ನಾನು ಎಲ್ಲಿ ಕಲಿಯಬೇಕು? ಮೆಟ್ಟಿಲ ಮೇಲೆ ನಿಂತು ಹತ್ತು ಸಲ ನೋಡಿದ್ದೆ. ಮಕ್ಕಳು ನಿಲ್ಲುವ ರಸ್ತೆಯಲ್ಲಿ ನಿಂತು ಒಂದು ಸಲವೂ ನೋಡಿರಲಿಲ್ಲ.

ಆ ಕ್ಷಣವೇ ಹಿಂದೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಟೀಚರ್ ನನ್ನ ದೀಪಗಳನ್ನು ಮ್ಯಾನೇಜರ್ ಹತ್ತಿರವೂ ಹೊಗಳಿದ್ದರು. ಆ ಹೊಗಳಿಕೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮುಂದಿನ ವರ್ಷ ದೀಪ ಹಾಕಿದರೆ ಆಯಿತು, ಮಕ್ಕಳು ತಾವಾಗಿಯೇ ಬರುತ್ತಾರೆ ಎಂದುಕೊಂಡೆ. ಮುಂದಿನ ವರ್ಷ ಬರುವ ಮೊದಲೇ ಮಗಳ ಕೆಲಸ ಖಲಾಸ್ ಆಗಿ ಇಬ್ಬರೂ ಊರಿಗೆ ಹೊರಟರು. ಟ್ಯಾಕ್ಸಿಗೆ ಪೆಟ್ಟಿಗೆ ಏರಿಸುವಾಗ ಟೀಚರ್ ಮೆಟ್ಟಿಲ ಕಡೆ ನೋಡಿ, “ಮಕ್ಕಳಿಗೆ ನಾನು ಬೇಡ ಆದೆ ಅಲ್ವಾ?” ಎಂದರು. ನಾನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಲೇ ಇದ್ದೆ.

ನಿನ್ನೆ ಆ ದೀಪವನ್ನು ತೊಳೆದು, ಕಣ್ಣಿಗೆ ಹೊಡೆಯದ ಹಾಗೆ ಮರೆ ಕೊಟ್ಟು, ಆರನೇ ವಿಲ್ಲಾದ ಬಾಗಿಲಿಗೆ ಮತ್ತೆ ಹಾಕಿದೆ. ಈಗಿನ ಮನೆಯವರೂ ಮಕ್ಕಳು ಬರಲಿ ಎನ್ನುವವರೇ. ರಸ್ತೆಗೆ ಹೋಗಿ ನಿಂತು ನೋಡಿದೆ. ದೀಪವೂ ಕಂಡಿತು, ಮೆಟ್ಟಿಲೂ ಕಂಡಿತು. ಅಲ್ಲಿಂದಲೇ ಟೀಚರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ಹಾಗಾದ್ರೆ ಆ ಹುಡುಗಿಗೆ ಬರ್ಲಿಕ್ಕೆ ಮನಸ್ಸಿತ್ತಾ?”

“ಇತ್ತು ಟೀಚರ್. ಅವಳೇ ಹೇಳಿದ್ದು.”

“ಆರು ವರ್ಷ ಆಯ್ತಲ್ಲ ಮಾರಾಯಾ. ಆವತ್ತೇ ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?”

ನಿಮ್ಮಲ್ಲಿಯೂ ಯಾರಿಗಾದರೂ ಹೇಳದೆ ಉಳಿಸಿಕೊಂಡ ಇಂಥ ಒಂದು ಮಾತು ಇದ್ದರೆ, ಮೊದಲು ಅವರಿಗೆ ಹೇಳಿಬಿಡಿ. ಆಮೇಲೆ ನನಗೂ ಬರೆಯಿರಿ. ನಿಧಾನವಾಗಿಯಾದರೂ ಓದುತ್ತೇನೆ.