ಗೋಡೆ ಮೇಡಂ
ನಗರಸಭೆಯಲ್ಲಿ ಊರ ಗೋಡೆಗಳಿಗೆ ಚಿತ್ರ ಬರೆಸುವ ಅಧಿಕಾರಿಗೆ ಎಲ್ಲರೂ ಇಟ್ಟ ಹೆಸರು ಗೋಡೆ ಮೇಡಂ. ಆಕೆಯ ಕುರ್ಚಿಯಲ್ಲಿ ದಿನವಿಡೀ ಕೂತಿರುವುದು ಆಕೆಯ ಕೈಚೀಲ ಮಾತ್ರ, ಆಕೆ ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಕಲಾವಿದರು ಬರುವ ಮೊದಲೇ ಓಡಿಹೋಗಿ, ಜ್ವರದ ಮಗುವಿನ ಹಣೆ ಮುಟ್ಟಿದ ಹಾಗೆ ಗೋಡೆಗೆ ಅಂಗೈ ಒತ್ತಿ ತೇವ ನೋಡುತ್ತಾಳೆ. ನಾಲ್ಕು ಜನರಿಂದ ಪುಕ್ಕಟೆ ಮಾದರಿ ಬರೆಸಿ ಒಂದನ್ನು ಆರಿಸೋಣ ಎಂದು ಸಮಿತಿಯವರು ಬಾಯಿ ತೆರೆದರೆ, "ನಾಲ್ಕು ಹೋಟ್ಲಲ್ಲಿ ಉಂಡು, ರುಚಿ ಹಿಡಿಸಿದ ಕಡೆ ಮಾತ್ರ ಬಿಲ್ ಕೊಡ್ತೀರೇನ್ರೀ?" ಎಂದು ಮೇಲೆ ಬೀಳುತ್ತಾಳೆ. ಅಧ್ಯಕ್ಷರು "ಆ ನೀಲಿ ಸ್ವಲ್ಪ ಹಸಿರು ಮಾಡ್ಸಮ್ಮ" ಎಂದರೆ, "ಬರೆದೋರನ್ನ ಕೇಳ್ದೆ ಒಂದು ಚುಕ್ಕೆನೂ ಮುಟ್ಟೋ ಹಾಗಿಲ್ಲ ಸಾರ್" ಎನ್ನುತ್ತಲೇ ಬಾಗಿಲು ದಾಟಿರುತ್ತಾಳೆ. ಕೆಲಸ ಶುರುವಾದ ಮೇಲೆ ಮಾತ್ರ ಅತ್ತ ಸುಳಿಯುವುದಿಲ್ಲ. ನೋಡುತ್ತ ನಿಂತರೆ ಬರೆಯುವವರ ಕೈ ಓಡುವುದಿಲ್ಲವೆಂದು, ಕಾಲು ಸುಟ್ಟ ಬೆಕ್ಕಿನಂತೆ ಪಕ್ಕದ ಬೀದಿಯಲ್ಲೇ ಸುತ್ತುತ್ತಾಳೆ. ಆಕೆಯ ಮನೆಯ ಗೋಡೆಯಲ್ಲೂ ಒಂದು ಚಿತ್ರವಿದೆ: ಮೊಣಕಾಲೆತ್ತರದಲ್ಲಿ, ಕ್ರೇಯಾನಿನಲ್ಲಿ ಗೀಚಿದ ಐದು ಕಾಲಿನ ಕುದುರೆ. ಬಣ್ಣ ಹೊಡೆಸೋಣ ಎಂದು ಗಂಡ ಗೋಗರೆದಾಗಲೆಲ್ಲ "ಬರೆದೋಳನ್ನ ಕೇಳ್ಬೇಕು" ಎಂಬ ಅದೇ ಉತ್ತರ. ಮೊನ್ನೆ, ತಾಯಿಯನ್ನೂ ಮೀರಿ ಬೆಳೆದಿರುವ ಮಗಳೇ ಬಂದು, "ಅಮ್ಮಾ, ನಾನೇ ಹೇಳ್ತಿದೀನಲ್ಲ, ಬಳಿಸಿಬಿಡು" ಎಂದಳು. ಗೋಡೆ ಮೇಡಂ ಕುದುರೆಯ ಎದುರು ನೆಲದ ಮೇಲೆ ಕೂತೇಬಿಟ್ಟಳು. "ನೀನಲ್ಲ ಕಣೇ. ಇದನ್ನ ಬರೆದೋಳು ಇಷ್ಟೇ ಇಷ್ಟು ಎತ್ತರ ಇದ್ಲು. ಅವಳು ಬಂದು ಹೇಳ್ಲಿ."