ಅತ್ತೆಯ ಕಾಲಿನ ಅಳತೆ

ಹೋದ ವಾರ ಕುಮಟಾದ ಸ್ಕೂಟರ್ ಶೋರೂಮಿನ ಹುಡುಗ ನನ್ನ ಹಳೆಯ ಗಾಡಿಯ ಎಡಪಕ್ಕದಿಂದ ಒಂದು ಕಬ್ಬಿಣದ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟ. "ಆಂಟಿ, ಇದು ಕಂಪನಿದಲ್ಲ. ಎಕ್ಸ್‌ಚೇಂಜಿಗೆ ಬರೂದಿಲ್ಲ. ಗುಜರಿಗೆ ಹಾಕ್ಬಿಡಿ" ಎಂದ. ಅಂಚಿಗೆ ತುಕ್ಕು ಹಿಡಿದ, ಮೇಲೆ ಕಪ್ಪು ರಬ್ಬರು ಅಂಟಿಸಿದ ಅಗಲವಾದ ಪಟ್ಟಿ. ಸೀರೆ ಉಟ್ಟವರು ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಾಗ ಪಾದ ಊರುವುದಕ್ಕೆ ಇರುತ್ತದಲ್ಲ, ಅದು. ರಬ್ಬರಿನ ಮೇಲೆ ಎರಡು ಪಾದಗಳು ಸವೆಸಿದ ಗುರುತು ಹಾಗೆಯೇ ಇತ್ತು. ಗುಜರಿಯಂತೆ! ಆ ಹುಡುಗನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪಾಪ, ಅವನದೇನು ತಪ್ಪು? ಅವನು ಕಣ್ಣು ಬಿಡುವಷ್ಟರಲ್ಲಿ ಎಲ್ಲರೂ ಎರಡೂ ಕಡೆ ಕಾಲು ಹಾಕಿ ಕೂರುವ ಕಾಲ ಬಂದಾಗಿತ್ತು. ಪಟ್ಟಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡೆ.

ನಾವು ಹೋದದ್ದು ಮಗಳು ಪಲ್ಲವಿಗೆ ಅವಳ ಮೊದಲ ಸ್ಕೂಟರ್ ಆರಿಸಲು. ಅವಳಿಗೆ ಹೊನ್ನಾವರದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಮೊದಲ ಗಾಡಿ ಆರಿಸುವುದೆಂದರೆ ಈಗಿನ ಮಕ್ಕಳಿಗೆ ಪರೀಕ್ಷೆಗೆ ಓದಿದ ಹಾಗೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಯಾವುದರ ಬ್ರೇಕು ಹೇಗೆ, ಯಾವುದರ ತೂಕ ಎಷ್ಟು ಎಂದೆಲ್ಲ ಅವಳಿಗೆ ಬಾಯಿಪಾಠವಾಗಿದೆ. ನಮ್ಮ ಹಳೆಯ ಗಾಡಿಯನ್ನು ಆರಿಸಿದ ರೀತಿ ಕೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಲ್ಲ. ಅದನ್ನು ಆರಿಸಿದ್ದು ಹಿಂದಿನ ಸೀಟಿನಲ್ಲಿ ಕೂತು. ಆರಿಸಿದವರು ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ.

ಅತ್ತೆಯ ತವರು ಕರ್ಕಿ. ಕುಮಟಾದಿಂದ ಹೊನ್ನಾವರಕ್ಕೆ ಹೋಗುವ ಬಸ್ಸು ಹತ್ತಿದರೆ ಹೊನ್ನಾವರಕ್ಕೂ ಮೊದಲೇ ಸಿಗುವ ಊರು, ಏನು ಮಹಾ ದೂರ? ಆದರೆ ಬಸ್ಸು ನಿಲ್ಲುವುದು ಹೆದ್ದಾರಿಯಲ್ಲಿ. ಅಲ್ಲಿಂದ ಕಡಲ ಕಡೆಗೆ ಬಹಳ ನಡೆಯಬೇಕು, ಅತ್ತೆಗೆ ಮೊಣಕಾಲು ನೋವು. ತವರಿನಲ್ಲಿ ಅಣ್ಣತಮ್ಮಂದಿರು ಯಾರೂ ಉಳಿದಿರಲಿಲ್ಲ. ಉಳಿದವಳು ಒಬ್ಬಳೇ, ದೇವಕಿ. ಚಿಕ್ಕಂದಿನ ಗೆಳತಿ, ಅದೇ ಊರಿಗೆ ಮದುವೆಯಾದವಳು. ಅವಳನ್ನು ನೋಡಬೇಕೆಂಬುದು ಅತ್ತೆಯ ಒಂದೇ ಆಸೆ. ಮಗನ ಹತ್ತಿರ ಕೇಳಿದರೆ, "ಈ ಭಾನುವಾರ ಆಗೂದಿಲ್ಲ ಆಯಿ, ಫೋನ್ ಹಚ್ಚಿ ಕೊಡ್ಲಾ?" ಎನ್ನುತ್ತಿದ್ದರು ನಮ್ಮವರು. ಫೋನು ಹಚ್ಚಿ ಕೊಟ್ಟರೆ ಆಗುತ್ತಿದ್ದುದು ಇದು. ಇಬ್ಬರಿಗೂ ಕಿವಿ ಮಂದ.

"ಆರಾಮನೆ ದೇವಕೀ?"

"ಎಂತ?"

"ಆರಾಮನೆ, ಕೇಳ್ದೆ!"

"ಹಾಂ, ಹಾಂ, ಊಟ ಆತು!"

ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಒಂದು ದಿನ ನಾನು ಬ್ಲೌಸಿಗೆ ಹುಕ್ಕು ಹಚ್ಚುತ್ತಾ ಕೂತಿದ್ದೆ. ಹೇಳಲಿಲ್ಲ ಅಲ್ಲವೇ, ಮನೆಯಲ್ಲೇ ಹೊಲಿಗೆ ನನ್ನ ಕಸುಬು. ಅತ್ತೆ ಎದುರಿಗೆ ಬಂದು ಕೂತು, "ನೀನೇ ಒಂದು ಸ್ಕೂಟರ್ ತಕ್ಕಂಡ್ರೆ ಎಂತದೆ?" ಎಂದರು. ನನ್ನ ಬೆರಳಿಗೆ ಸೂಜಿ ಚುಚ್ಚಿತು. ನಾನು ಭಟ್ಕಳದ ಗಲ್ಲಿಯಲ್ಲಿ ಬೆಳೆದವಳು. ಅಲ್ಲಿ ಜೀವಮಾನದಲ್ಲಿ ಒಮ್ಮೆ ಸೈಕಲ್ ಹತ್ತಿ, ಪಕ್ಕದ ಮನೆಯ ನವಾಯತ ಮುಸ್ಲಿಂ ಅಕ್ಕ, ನಮ್ಮೆಲ್ಲರ ಆಪಾ, ಒಣಗಿಸಲು ಹಾಕಿದ್ದ ಹಪ್ಪಳದ ಮೇಲೆ ಹೋಗಿ ಬಿದ್ದಿದ್ದೆ. ಆಪಾ ಬೈಯಲಿಲ್ಲ, ನನ್ನ ಮೊಣಕೈಗೆ ಅರಿಶಿನ ಹಚ್ಚಿ, ಮುರಿದ ಹಪ್ಪಳವನ್ನೇ ಕರಿದು ತಿನ್ನಲು ಕೊಟ್ಟರು. ಅಲ್ಲಿಗೆ ನನ್ನ ವಾಹನಯೋಗ ಮುಗಿಯಿತು ಎಂದುಕೊಂಡಿದ್ದೆ. ಅದನ್ನೇ ಅತ್ತೆಗೆ ಹೇಳಿದೆ. "ಈಗ ಕುಮಟಾದಲ್ಲಿ ಯಾರೂ ರಸ್ತೆ ಮೇಲೆ ಹಪ್ಪಳ ಒಣಗಿಸೂದಿಲ್ಲ" ಎಂದರು ಅವರು. ಮಾತು ಮುಗಿಯಿತು.

ಶೋರೂಮಿಗೆ ಹೊರಟ ದಿನ ಅತ್ತೆ ಹೆಣ್ಣು ನೋಡಲು ಹೊರಟವರಂತೆ ಪತ್ತಲ ಉಟ್ಟು, ತುರುಬಿಗೆ ಅಬ್ಬಲಿಗೆ ಮುಡಿದು ಬಂದಿದ್ದರು. ಆಗಿನ ಹುಡುಗನೂ ಈಗಿನವನಂಥವನೇ, ಕೊರಳಿಗೆ ಟೈ ಬೇರೆ. ಸೀಟಿನ ಕೆಳಗೆ ಲೈಟಿದೆ, ಫೋನು ಚಾರ್ಜಿಗೆ ಹಾಕಬಹುದು, ಮೈಲೇಜು ಹೀಗೆ ಎಂದು ಒಂದೇ ಉಸಿರಿಗೆ ಹೇಳಿದ. ನಮ್ಮವರು ಗಂಭೀರವಾಗಿ ತಲೆಯಾಡಿಸಿದರು. ಅತ್ತೆ ಮಾತ್ರ ಗಾಡಿಯ ಹಿಂದಕ್ಕೆ ಹೋಗಿ ನಿಂತು, "ಅದೆಲ್ಲ ಇರ್ಲಿ ತಮ್ಮಾ, ಕಾಲು ಎಲ್ಲಿ ಇಡೂದು?" ಎಂದು ಕೇಳಿದರು.

ಹುಡುಗ ತಬ್ಬಿಬ್ಬಾದ. ಅತ್ತೆ ನನ್ನನ್ನು ಮುಂದೆ ಕೂರಿಸಿದರು, ತಾವು ಹಿಂದೆ ಹತ್ತಿದರು. ಹೀಗೆ ಒಂದೊಂದು ಗಾಡಿಯ ಮೇಲೂ ನಮ್ಮ ಸವಾರಿ, ಇದ್ದಲ್ಲೇ. ಒಂದರ ಸೀಟು ಜಾರುತ್ತದೆ, ಒಂದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ಕೊನೆಗೊಂದು ಕೆಂಪು ಗಾಡಿ ಅವರಿಗೆ ಒಪ್ಪಿಗೆಯಾಯಿತು. ಅಗಲವಾದ ಸೀಟು, ಬೆನ್ನಿಗೆ ಆನಿಸಿಕೊಳ್ಳಲು ಆಸರೆ. ಆದರೆ ನನಗೆ? ನಾನು ಕುಳ್ಳಿ. ಆ ಕೆಂಪು ಗಾಡಿಯ ಮೇಲೆ ಕೂತರೆ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ. ಪಕ್ಕದ ಬೂದು ಬಣ್ಣದ್ದರಲ್ಲಿ ನನ್ನ ಅಂಗಾಲು ಪೂರ್ತಿ ಊರುತ್ತಿತ್ತು, ಆದರೆ ಅತ್ತೆಯ ಕಾಲಿಗೆ ಅದರಲ್ಲಿ ಇದ್ದದ್ದು ಒಂದು ಸಣ್ಣ ಸರಳು. ನಾನು ದೊಡ್ಡ ಮನಸ್ಸು ತೋರಿಸಿ, "ಕೆಂಪೇ ಇರಲಿ ಅತ್ತೆ, ನಾನು ಸುಧಾರಿಸಿಕೊಳ್ಳುತ್ತೇನೆ" ಎಂದೆ.

"ಹುಚ್ಚಿ" ಎಂದರು ಅತ್ತೆ. "ನಿನ್ನ ಕಾಲು ನೆಲ ಮುಟ್ಲಿ ಮೊದ್ಲು. ನೀ ಬೀಳದಿದ್ರೆ ನಾನೂ ಬೀಳೂದಿಲ್ಲ. ಬೂದು ಬಣ್ಣದ್ದೇ ಕೊಡು ತಮ್ಮಾ."

ಹೊಸದಾಗಿ ಗಾಡಿ ಕಲಿಯುವವರಿಗೆ ಯಾರ್ಯಾರೋ ಏನೇನೋ ಸಲಹೆ ಕೊಡುತ್ತಾರೆ. ನನಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಸಲಹೆ ಸಿಕ್ಕಿಲ್ಲ.

ಅವರ ಕಾಲಿನ ಸಮಸ್ಯೆಯನ್ನು ನಾನು ಬಗೆಹರಿಸಿದೆ. ಅಳತೆ ತೆಗೆಯುವುದು ನನ್ನ ಕೆಲಸವಲ್ಲವೇ? ಮನೆಗೆ ಬಂದು ಹಳೆಯ ಪೇಪರು ಹಾಸಿ, ಅತ್ತೆಯ ಎರಡೂ ಪಾದ ಅದರ ಮೇಲೆ ಇರಿಸಿ, ಮಾರ್ಕಿಂಗ್ ಚಾಕಿನಲ್ಲಿ ಸುತ್ತ ಗೆರೆ ಎಳೆದೆ. ಅತ್ತೆಗೆ ಕಚಗುಳಿಯಾಗಿ ನಗು ತಡೆಯಲಾಗಲಿಲ್ಲ. ಅಗಲವಾದ ಪಾದ, ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನಿಂತ ಬೆರಳುಗಳು. ಆ ಪೇಪರನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, ಬ್ಲೌಸಿಗೆ ಹೇಳುವಂತೆ "ಸ್ವಲ್ಪ ಲೂಸ್ ಇರಲಿ" ಎಂದು ಹೇಳಿ ಪಟ್ಟಿ ಮಾಡಿಸಿದೆ. ಅಂಗಡಿಯವನು ನನ್ನನ್ನೂ ಪೇಪರನ್ನೂ ಬಹಳ ಹೊತ್ತು ನೋಡಿದ.

ಕಲಿತದ್ದು ಮಣಕಿ ಮೈದಾನದಲ್ಲಿ. ನಮ್ಮವರು ಹಿಂದೆ ಓಡುತ್ತಾ "ಬ್ರೇಕು, ಬ್ರೇಕು" ಎಂದು ಅರಚುವುದು, ನಾನು ಗಾಬರಿಗೆ ಎಕ್ಸಿಲೇಟರನ್ನೇ ತಿರುಗಿಸುವುದು, ಕ್ರಿಕೆಟ್ ಆಡುವ ಮಕ್ಕಳು ಸ್ಟಂಪು ಕಿತ್ತುಕೊಂಡು ಓಡುವುದು. ಅತ್ತೆ ಕಟ್ಟೆಯ ಮೇಲೆ ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದರು. ಒಮ್ಮೆಯೂ ಹೆದರಿಸಲಿಲ್ಲ, ಅವಸರ ಮಾಡಲಿಲ್ಲ. ಆದರೆ ಸಂಜೆ ಮನೆಗೆ ಮರಳುವಾಗ ದಿನಾ ಒಂದೇ ಪ್ರಶ್ನೆ. "ಕರ್ಕಿ ತನಕ ಹೋಪಷ್ಟು ಆತನೆ?"

ಆಯಿತು. ಕೊನೆಗೂ ಒಂದು ಬೆಳಿಗ್ಗೆ ಹೊರಟೆವು. ಹೆಲ್ಮೆಟ್ಟಿನೊಳಗೆ ಹೂವು ಬಾಡುತ್ತದೆಂದು ಅತ್ತೆ ಅಬ್ಬಲಿಗೆಯ ದಂಡೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದರು. ಹೆದ್ದಾರಿ ಅಗಲ ಮಾಡಲು ಎಲ್ಲೆಂದರಲ್ಲಿ ಅಗೆದಿದ್ದರು. ಹಿಂದಿನಿಂದ ಮೀನಿನ ಲಾರಿಗಳು ಹಾರ್ನು ಬಾರಿಸುತ್ತಾ ಬರುತ್ತಿದ್ದವು. ಅತ್ತೆಯ ಬಲಗೈ ನನ್ನ ಹೆಗಲ ಮೇಲಿತ್ತು. ಲಾರಿ ಬಂದರೆ ಆ ಕೈ ಸ್ವಲ್ಪ ಬಿಗಿಯಾಗುತ್ತಿತ್ತು, ದಾಟಿದ ಮೇಲೆ ಸಡಿಲಾಗುತ್ತಿತ್ತು. ಧಾರೇಶ್ವರ ಬರುವಷ್ಟರಲ್ಲಿ ನಾನು ಕನ್ನಡಿ ನೋಡುವುದನ್ನೇ ಬಿಟ್ಟಿದ್ದೆ. ಆ ಕೈಯ ಭಾರದ ಮೇಲೆಯೇ ಗಾಡಿ ಓಡಿಸಿದೆ. ಹಳದೀಪುರ ದಾಟಿದ ಮೇಲೆ ಕೈ ಬಿಗಿಯಾದದ್ದು ಸಡಿಲಾಗಲೇ ಇಲ್ಲ. ಲಾರಿ ಯಾವುದೂ ಇರಲಿಲ್ಲ. ಊರು ಹತ್ತಿರ ಬಂದಿತ್ತು, ಅಷ್ಟೇ.

ದೇವಕಿಯ ಮನೆಯಂಗಳದಲ್ಲಿ ಗಾಡಿ ನಿಲ್ಲಿಸಿದೆ. ಬೆನ್ನು ಬಾಗಿದ, ಕಣ್ಣಿಗೆ ಪೊರೆ ಬಂದ ಸಣ್ಣ ಜೀವವೊಂದು ಜಗಲಿಯಿಂದ ಇಳಿದು ಬಂದು, ನನ್ನ ಕಡೆ ನೋಡದೆ ಸೀದಾ ಹಿಂದಿನ ಸೀಟಿಗೆ ಹೋಗಿ ಕೈ ಚಾಚಿತು. "ನಿಧಾನ, ಗೋದೂ, ನಿಧಾನ."

"ಓ!" ಎಂದರು ಅತ್ತೆ.

ಎಂಥ ಓ ಅದು! ಗುಡ್ಡದ ಆಚೆಯಿಂದ ಕರೆದರೆ ಹುಡುಗಿಯರು ಓಗೊಡುತ್ತಾರಲ್ಲ, ಅಂಥದ್ದು. ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಅತ್ತೆಗೆ ಗೋದು ಎಂಬ ಹೆಸರಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಗೋದಾವರಿ ಎಂದಿದೆ, ನಿಜ. ಆದರೆ ರೇಷನ್ ಕಾರ್ಡಿನ ಹೆಸರನ್ನು ಯಾರು ಕರೆಯುತ್ತಾರೆ? ಆ ಮಧ್ಯಾಹ್ನವೆಲ್ಲ ಇಬ್ಬರೂ ಜಗಲಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಒಬ್ಬರ ಕಿವಿಗೆ ಇನ್ನೊಬ್ಬರು ಬಾಯಿ ಹಚ್ಚಿ ಮಾತಾಡಿದರು. ಶಾಲೆಗೆ ಚಕ್ಕರ್ ಹಾಕಿ ಕಡಲಿಗೆ ಹೋದದ್ದು, ಯಕ್ಷಗಾನದ ಆಟ ನೋಡಲು ಹೋಗಿ ಚಾಪೆಯ ಮೇಲೆ ನಿದ್ದೆ ಹೋಗಿ ರಾಕ್ಷಸ ವೇಷದ ಕೂಗಿಗೆ ಬೆಚ್ಚಿ ಎದ್ದದ್ದು. ಹೇಳಿದ್ದನ್ನೇ ಮತ್ತೆ ಹೇಳಿ ಮತ್ತೆ ನಕ್ಕರು. ಅಬ್ಬಲಿಗೆಯ ದಂಡೆ ಎರಡು ತುಂಡಾಗಿ ಇಬ್ಬರ ತಲೆಯ ಮೇಲೂ ಕೂತಿತ್ತು.

ಮರಳುವ ದಾರಿಯಲ್ಲಿ ಅತ್ತೆ ನನ್ನ ಬೆನ್ನಿಗೆ ಹತ್ತಿರವಾಗಿ ಹೇಳಿದರು. "ಆಯಿ ಅಂತಾರೆ, ಅತ್ತೆ ಅಂತಾರೆ, ಅಜ್ಜಿ ಅಂತಾರೆ. ಹೆಸ್ರು ಹಿಡ್ದು ಕರೆಯೋರು ಅವಳೊಬ್ಳೇ ಉಳ್ದದ್ದು ಮಾರಾಯ್ತಿ. ಫೋನಲ್ಲಿ ಅದೂ ಕೇಳೂದಿಲ್ಲ."

ಹೆಲ್ಮೆಟ್ಟಿನೊಳಗೆ ಅತ್ತರೆ ಒರೆಸಿಕೊಳ್ಳಲು ಆಗುವುದಿಲ್ಲ ಎಂಬುದು ಅಂದು ಗೊತ್ತಾಯಿತು. ಹೊಸ ಸವಾರರಿಗೆ ಇದನ್ನೂ ಯಾರೂ ಹೇಳಿಕೊಡುವುದಿಲ್ಲ.

ಆಮೇಲೆ ಎಷ್ಟೋ ವರ್ಷ ನಾವು ಕರ್ಕಿಗೆ ಹೋದೆವು. ಮಳೆಗಾಲ ಬಿಟ್ಟು, ಮನಸ್ಸಿಗೆ ಬಂದಾಗಲೆಲ್ಲ. ಒಮ್ಮೆ ಅಲ್ಲಿಂದ ಮುಂದೆ ಅಪ್ಸರಕೊಂಡಕ್ಕೂ ಹೋಗಿ, ಕಾಲೇಜು ಮಕ್ಕಳ ನಡುವೆ ಅತ್ತೆ ಐಸ್‌ಕ್ರೀಮ್ ತಿಂದರು. ಪ್ರತಿ ಸಲವೂ ದೇವಕಿ ಹಿಂದಿನ ಸೀಟಿಗೆ ಕೈ ಚಾಚುವುದು, ನಿಧಾನ ಎನ್ನುವುದು, ಅತ್ತೆ ಓ ಎನ್ನುವುದು. ನನಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅದು ನಿಲ್ಲಬಹುದು ಎಂದು ಹೊಳೆದೇ ಇರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಅತ್ತೆ ಹೋದರು. ಬೆಳಿಗ್ಗೆ ಚಹಾ ಕುಡಿದು, ಬೆನ್ನು ನೋವೆಂದು ಮಲಗಿದವರು ಏಳಲಿಲ್ಲ. ಎಲ್ಲರಿಗೂ ಫೋನು ಹೋಯಿತು. ದೇವಕಿಗೆ ಫೋನು ಮಾಡಿ ಏನು ಪ್ರಯೋಜನ? ಮನೆಯವರಿಗೆ ಹೇಳಿದರೆ ಅವರು ಕಿವಿಯಲ್ಲಿ ಕೂಗಿ ಹೇಳಿಯಾರು. ಆದರೆ ಅದು ಕೂಗಿ ಹೇಳುವ ಮಾತೇ? ಯಾರೂ ಮೊದಲೇ ಹೇಳಬೇಡಿ ಎಂದು ಅವರ ಮನೆಗೆ ತಿಳಿಸಿ, ಕ್ರಿಯೆಗಳೆಲ್ಲ ಮುಗಿದ ಮೇಲೆ ನಾನೊಬ್ಬಳೇ ಗಾಡಿ ತೆಗೆದೆ. ದಾರಿಯುದ್ದಕ್ಕೂ ಹೆಗಲು ಹಗುರವಾಗಿತ್ತು. ಆ ಹಗುರ ನನಗೆ ತಡೆಯಲಾಗಲಿಲ್ಲ.

ಅಂಗಳದಲ್ಲಿ ಗಾಡಿ ನಿಂತಿತು. ದೇವಕಿ ಜಗಲಿಯಿಂದ ಇಳಿದು ಬಂದರು. ಎಂದಿನಂತೆ ನನ್ನನ್ನು ದಾಟಿ ಹಿಂದಕ್ಕೆ ಹೋಗಿ ಕೈ ಚಾಚಿ, "ನಿಧಾನ, ಗೋದೂ" ಎಂದರು. ಕೈ ಗಾಳಿಯಲ್ಲಿ ತಡಕಾಡಿತು. ಆಮೇಲೆ ಸೀಟಿನ ಮೇಲೆ ಇಳಿಯಿತು. ಆ ಖಾಲಿ ಸೀಟನ್ನು ಒಮ್ಮೆ ಸವರಿ ಅಲ್ಲೇ ನಿಂತಿತು. ನಾನು ಹೇಳಬೇಕಾದದ್ದು ಏನೂ ಉಳಿಯಲಿಲ್ಲ. ಇಬ್ಬರೂ ಗಾಡಿಯ ಪಕ್ಕದಲ್ಲೇ ನಿಂತು ಅತ್ತೆವು. ಅದಾದ ಮೇಲೆ ನಾನು ಕರ್ಕಿಯ ದಾರಿಗೆ ಗಾಡಿ ತಿರುಗಿಸಿದ್ದಿಲ್ಲ. ಆ ಕೈ ಮತ್ತೊಮ್ಮೆ ಖಾಲಿ ಸೀಟಿಗೆ ಬಂದರೆ ಎಂದು ಹೆದರಿಕೆ.

ಇರಲಿ, ಶೋರೂಮಿಗೆ ಬರೋಣ. ಪಲ್ಲವಿ ಒಂದು ನೀಲಿ ಗಾಡಿಯ ಮೇಲೆ ಕೂತು ಅಂಗಾಲು ಊರಿ ನೋಡುತ್ತಿದ್ದಳು. ಹಿಂದಕ್ಕೆ ತಿರುಗಿ, "ಅಮ್ಮಾ, ನೀನು ಹಿಂದೆ ಹತ್ತು ನೋಡ್ವ" ಎಂದಳು. ಹತ್ತಿದೆ. ಅದೆಷ್ಟು ವರ್ಷದ ಮೇಲೆ ಹಿಂದಿನ ಸೀಟು! ಗೊತ್ತಿಲ್ಲದೆ ಒಂದೇ ಕಡೆ ಕಾಲು ಇಳಿಬಿಟ್ಟಿದ್ದೆ. ಕಾಲು ಗಾಳಿಯಲ್ಲಿ ಜೋತಾಡಿತು. "ಕಾಲು ಎಲ್ಲಿ ಇಡುವುದು?" ಎಂದು ಕೇಳಿದ್ದು ನನ್ನದೇ ಬಾಯಿ.

ಪಲ್ಲವಿ ನನ್ನ ಚೀಲದಲ್ಲಿದ್ದ ಪಟ್ಟಿಯನ್ನು ತೆಗೆದು ಹುಡುಗನಿಗೆ ತೋರಿಸಿ, "ಇದನ್ನ ಇದಕ್ಕೆ ಕೂರಿಸ್ಲಿಕ್ಕೆ ಆಗ್ತದಾ?" ಎಂದಳು. ತೂತು ಹೊಂದುವುದಿಲ್ಲ ಎಂದ. "ಹೊಸ ತೂತು ಹಾಕ್ಸೂದಪ್ಪ, ಅದ್ಕೆಂತ?" ಎಂದಳು ಅಜ್ಜಿಯ ಮೊಮ್ಮಗಳು. ಹೊಸ ಗಾಡಿ ಬಂದ ಮೇಲೆ ಅದೇ ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಅಂಗಡಿಯವನು, ಈಗ ತಲೆ ನರೆತಿದೆ, ಪಟ್ಟಿಯನ್ನು ನೋಡಿದ ಕೂಡಲೇ "ಓ, ಪೇಪರಿನ ಕಾಲು!" ಎಂದ.

ನಿನ್ನೆ ಭಾನುವಾರ. "ಮೊದ್ಲು ಎಲ್ಲಿಗೆ ಹೋಗ್ವ?" ಎಂದು ಪಲ್ಲವಿ ಕೇಳಿದಳು. ಕರ್ಕಿ ಎಂದೆ. ಅವಳ ಹೆಗಲ ಮೇಲೆ ಕೈಯಿಟ್ಟು, ಅತ್ತೆಯ ಪಾದದ ಜಾಗದಲ್ಲಿ ನನ್ನ ಪಾದ ಇಟ್ಟು ಕೂತೆ. ಲೂಸೇ ಆಗುತ್ತದೆ, ಅತ್ತೆಯ ಪಾದ ಅಗಲ. ಹಳದೀಪುರ ದಾಟಿದಾಗ "ಅಮ್ಮಾ, ಹೆಗಲು ನೋಯ್ತದೆ, ಸ್ವಲ್ಪ ಸಡಿಲ ಹಿಡಿ" ಎಂದಳು ಮಗಳು.

ಅಂಗಳದಲ್ಲಿ ಗಾಡಿ ನಿಂತಿತು. ದೇವಕಿ ಈಗ ಇನ್ನೂ ಬಾಗಿದ್ದಾರೆ, ಕಣ್ಣು ಇನ್ನೂ ಮಂಜು. ಗೋಡೆ ಹಿಡಿದು ಜಗಲಿಯಿಂದ ಇಳಿದರು. ಪಲ್ಲವಿಯನ್ನು ದಾಟಿ ಹಿಂದಿನ ಸೀಟಿಗೆ ಬಂದರು. ಕೈ ಚಾಚಿದರು. ನಾನು ಆ ಕೈಯನ್ನು ಹಿಡಿದುಕೊಂಡೆ.

"ನಿಧಾನ, ಗೋದೂ" ಎಂದರು.

ಅವರಿಗೆ ಕೇಳಿಸಬೇಕಲ್ಲ, ಇದ್ದ ಶಕ್ತಿಯನ್ನೆಲ್ಲ ಹಾಕಿ ನಾನು "ಓ!" ಎಂದೆ.